ಬೆಟ್ಟಕ್ಕೆ ಒರಗಿ ಕೂತವರು

ನಮ್ಮ ಎದುರು ಮನೆಯ ಬಾಗಿಲ ಪಕ್ಕ, ನೆಲದ ಮೇಲೆ, ಒಂದು ಕೆಂಪು ಗೂಡಿದೆ. ಮೊಣಕಾಲಿನಷ್ಟು ಎತ್ತರವೂ ಇಲ್ಲ. ಒಳಗೆ ಕೆಂಪು ಹಲಗೆಯ ಮೇಲೆ ಬಂಗಾರದ ಬಣ್ಣದ ಅಕ್ಷರಗಳು. ಮುಂದೆ ಮೂರು ಪುಟ್ಟ ಬಟ್ಟಲು, ಊದುಬತ್ತಿ ನೆಡುವ ಡಬ್ಬಿ, ಎರಡು ಕಿತ್ತಳೆ ಹಣ್ಣು. ಸಿಂಗಪುರದ ಬಿಷಾನ್‌ಗೆ ಬಾಡಿಗೆಗೆ ಬಂದ ಹೊಸತರಲ್ಲಿ ನನಗೆ ಅದು ಸರಿ ಕಾಣಲಿಲ್ಲ. ದೇವರನ್ನು ಯಾರಾದರೂ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಇಡುತ್ತಾರಾ? ನಮ್ಮಲ್ಲಿ ದೇವರ ಗೂಡು ಎಂದರೆ ಕಣ್ಣಿನ ಮಟ್ಟಕ್ಕಾದರೂ ಇರಬೇಕು.

ಕೆಲವು ತಿಂಗಳಾದ ಮೇಲೆ ಆ ಮನೆಯ ಆಂಟಿಯನ್ನೇ ಕೇಳಿದೆ. ಇಲ್ಲಿ ವಯಸ್ಸಾದವರೆಲ್ಲ ಆಂಟಿ, ಅಂಕಲ್. ಹೆಸರು ಹಿಡಿದು ಕರೆಯುವುದಿಲ್ಲ. ಅಷ್ಟರ ಮಟ್ಟಿಗೆ ನಮ್ಮೂರಿನ ಹಾಗೇ. ಅವರು ನಗುತ್ತಾ ಹೇಳಿದರು: "ಇವನು ನೆಲದ ದೇವರು. ಮೇಲೆ ಎತ್ತಿಟ್ಟರೆ ಇವನಿಗೆ ನೆಲ ಎಲ್ಲಿ ಸಿಗುತ್ತೆ?"

ನಾವಿರುವುದು ಒಂಬತ್ತನೇ ಮಹಡಿಯಲ್ಲಿ. ಆದರೂ ಆಂಟಿಯ ಮಾತಿನಲ್ಲಿ ತಪ್ಪು ಕಾಣಲಿಲ್ಲ. ಮನೆ ಎಷ್ಟು ಎತ್ತರದಲ್ಲಿದ್ದರೂ ಕಾಲಿಡಲು ಒಂದು ನೆಲ ಇದ್ದೇ ಇರುತ್ತದೆ ಅಲ್ವಾ? ಆ ನೆಲಕ್ಕೆ ಒಬ್ಬ ಯಜಮಾನ. ಹೆಸರು ತೂ ದೀ ಗೋಂಗ್. ಚೀನಾದ ಊರು ಊರಿಗೂ, ಕೇರಿ ಕೇರಿಗೂ ಅವರವರ ತೂ ದೀ ಗೋಂಗ್ ಇರುತ್ತಾನೆ. ಅವನ ಅಧಿಕಾರ ಆ ಪಾಲು ನೆಲಕ್ಕಷ್ಟೇ. ನಮ್ಮ ಊರ ಬಾಗಿಲ ದೇವರುಗಳು, ಹೊಲದ ಬದುವಿನ ಕಲ್ಲುಗಳು ನೆನಪಾದವು.

ಅದೇ ದೇವರನ್ನು ನಾನು ಎರಡನೇ ಸಲ ನೋಡಿದ್ದು ಒಂದು ಸಮಾಧಿಯ ಪಕ್ಕ. ಈ ಬರಹ ಹುಟ್ಟಿದ್ದೇ ಅಲ್ಲಿಂದ.

ಏಪ್ರಿಲ್ 4 ಅಥವಾ 5ಕ್ಕೆ ಚೀನಿಯರ ಚಿಂಗ್ ಮಿಂಗ್ ಹಬ್ಬ ಬರುತ್ತದೆ. ಹಿರಿಯರ ಸಮಾಧಿಗೆ ಹೋಗಿ, ಗುಡಿಸಿ, ಎಡೆ ಇಟ್ಟು ಬರುವ ದಿನ. ನಮ್ಮ ಪಿತೃಪಕ್ಷಕ್ಕೆ ಹತ್ತಿರದ್ದು. ಹಿಂದು ಮುಂದಿನ ವಾರಗಳಲ್ಲೂ ಜನ ಹೋಗುತ್ತಾರೆ. ಆಂಟಿಯ ಮಗ ಆಸ್ಟ್ರೇಲಿಯಾದಲ್ಲಿದ್ದಾನೆ, ಗಂಡ ತೀರಿಕೊಂಡಿದ್ದಾರೆ, ಮಂಡಿ ನೋವು ಜಾಸ್ತಿ. ಗಂಡನ ತಾತನ ಸಮಾಧಿ ಬುಕಿಟ್ ಬ್ರೌನ್ ಗುಡ್ಡದಲ್ಲಿದೆ. "ಚೀಲ ಹಿಡಿದುಕೊಂಡು ಜೊತೆಗೆ ಬರ್ತೀಯಾ?" ಅಂದರು. ಹೋದೆ.

ಬುಕಿಟ್ ಎಂದರೆ ಮಲಯ ಭಾಷೆಯಲ್ಲಿ ಗುಡ್ಡ. ಬ್ರೌನ್ ಎಂಬುದು ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿ ಜಮೀನು ಹೊಂದಿದ್ದ ಒಬ್ಬ ಬ್ರಿಟಿಷ್ ವ್ಯಾಪಾರಿಯ ಹೆಸರು. ಹೊಕ್ಕಿಯೆನ್ ಭಾಷೆಯ ಚೀನಿಯರು ಇದನ್ನು ಕೋಪಿ ಸುವಾ ಅನ್ನುತ್ತಾರೆ. ಕಾಫಿ ಗುಡ್ಡ! ಬ್ರೌನ್ ಇಲ್ಲಿ ಕಾಫಿ, ಜಾಯಿಕಾಯಿ ಬೆಳೆಯಲು ನೋಡಿದ್ದನಂತೆ. 1922ರ ಜನವರಿ 1ರಂದು ಇದು ಚೀನಿಯರ ಮುನಿಸಿಪಲ್ ಸ್ಮಶಾನವಾಗಿ ತೆರೆಯಿತು. 1973ರಲ್ಲಿ ಮುಚ್ಚಿತು. ಒಳಗೆ ಸುಮಾರು ಒಂದು ಲಕ್ಷ ಸಮಾಧಿಗಳು. ಅರ್ಧ ಶತಮಾನದಿಂದ ಕಾಡು ಬೆಳೆದು, ಮರದ ಬೇರುಗಳು ಕಲ್ಲುಗಳನ್ನು ಅಪ್ಪಿಕೊಂಡಿವೆ.

ಆಂಟಿ ಚೀಲದಿಂದ ಊದುಬತ್ತಿ ತೆಗೆದರು. ನಾನು ಸಮಾಧಿಯ ಕಡೆ ತಿರುಗಿದೆ. ಅವರು ತಡೆದರು. "ಮೊದಲು ಅಲ್ಲಿ," ಎಂದು ಸಮಾಧಿಯ ಪಕ್ಕದ ಚಿಕ್ಕ ಕಲ್ಲು ತೋರಿಸಿದರು. ನಮ್ಮ ಎದುರು ಮನೆಯ ಗೂಡಿನಷ್ಟೇ ಎತ್ತರ. ನೆಲದ ದೇವರು! ಸಮಾಧಿಯ ಹತ್ತಿರ ಇವನನ್ನು ಹೆಚ್ಚಾಗಿ ಹೌ ತೂ ಎನ್ನುತ್ತಾರೆ. ಹೆಸರು ಬೇರೆಯಾದರೂ ಕೆಲಸ ಅದೇ. ಇಲ್ಲಿ ಮಲಗಿದವರು ಅವನ ನೆಲದಲ್ಲಿದ್ದಾರೆ. ಅವರನ್ನು ಕಾಯುತ್ತಿರುವವನೂ ಅವನೇ. ಹಾಗಾಗಿ ಮೊದಲ ಬತ್ತಿ, ಮೊದಲ ಹಣ್ಣು ಅವನಿಗೆ. ಆಮೇಲೆ ತಾತನಿಗೆ.

ಮನೆಯ ಹೊಸಿಲಲ್ಲಿ ಇದ್ದವನೇ ಸಮಾಧಿಯ ಹೊಸಿಲಲ್ಲೂ ಕೂತಿದ್ದಾನೆ. ಅದು ತಲೆಗೆ ಹೋದ ಮೇಲೆ ಉಳಿದದ್ದೆಲ್ಲ ಒಂದೊಂದಾಗಿ ಕಾಣತೊಡಗಿತು.

ಮನೆಗೆ, ಸಮಾಧಿಗೆ ಜಾಗ ಆರಿಸುವ ಚೀನೀ ವಿದ್ಯೆ ಫೆಂಗ್ ಶುಯಿ. ಅದನ್ನು ಬಲ್ಲವರು ಮನೆಗೆ ಎರಡು ಪದ ಬಳಸುತ್ತಾರೆ. ಬದುಕಿರುವವರ ಮನೆ ಯಾಂಗ್ ಜಾಯ್. ಸತ್ತವರ ಮನೆ ಯಿನ್ ಜಾಯ್. ಜಾಯ್ ಎಂದರೆ ವಾಸದ ಮನೆ. ಯಿನ್, ಯಾಂಗ್ ಎಂಬ ಪದಗಳಿಗೂ ಮೊದಲು ಇದ್ದ ಅರ್ಥ ಬೆಟ್ಟದ ನೆರಳಿನ ಮಗ್ಗುಲು ಮತ್ತು ಬಿಸಿಲಿನ ಮಗ್ಗುಲು. ಅಂದರೆ ಬೆಟ್ಟ ಒಂದೇ. ಒಂದು ಮಗ್ಗುಲಲ್ಲಿ ನಾವಿದ್ದೇವೆ, ಇನ್ನೊಂದರಲ್ಲಿ ಅವರಿದ್ದಾರೆ. ಸಮಾಧಿಯನ್ನು ಮನೆಗೆ ಹೋಲಿಸುವುದಲ್ಲ ಇದು. ಅವರ ಲೆಕ್ಕದಲ್ಲಿ ಸಮಾಧಿ ಮನೆಯೇ.

ಬುಕಿಟ್ ಬ್ರೌನಿನ ಒಂದು ಹಳೆಯ ಸಮಾಧಿಯ ಮುಂದೆ ನಿಂತರೆ ಇದು ಕಣ್ಣಿಗೇ ಕಾಣುತ್ತದೆ. ಇಳಿಜಾರಿನಲ್ಲಿ ಕಟ್ಟಿರುತ್ತಾರೆ. ಹಿಂದೆ ಗುಡ್ಡ. ಗುಡ್ಡಕ್ಕೆ ಅಂಟಿದಂತೆ ಮಣ್ಣಿನ ದಿಬ್ಬ. ದಿಬ್ಬವನ್ನು ಕುದುರೆ ಲಾಳದ ಆಕಾರದಲ್ಲಿ ಬಳಸಿ ಬರುವ ಕಟ್ಟೆ. ಎರಡೂ ಕಡೆಯ ಕಟ್ಟೆ ಮುಂದಕ್ಕೆ ಬರುತ್ತಾ ತಗ್ಗುತ್ತದೆ, ಕುರ್ಚಿಯ ಕೈಗಳ ಹಾಗೆ. ನಡುವೆ ಹೆಸರಿನ ಕಲ್ಲು. ಅದರ ಮುಂದೆ ಎಡೆ ಇಡುವ ಜಗಲಿ, ಅದರಾಚೆ ಒಂದು ತೆರೆದ ಅಂಗಳ. ದೂರದಿಂದ ನೋಡಿದರೆ ಯಾರೋ ಹಿರಿಯರು ದೊಡ್ಡ ಕೈಕುರ್ಚಿಯಲ್ಲಿ ಒರಗಿ ಕೂತು ಬಯಲನ್ನು ನೋಡುತ್ತಿರುವ ಹಾಗಿರುತ್ತದೆ.

ಈ ಕೂರುವ ಭಂಗಿಯೇ ಫೆಂಗ್ ಶುಯಿಯ ತಿರುಳು ಎಂದು ನನಗೆ ಅನ್ನಿಸುತ್ತದೆ. ಬೆನ್ನಿಗೆ ಬೆಟ್ಟ, ಅದನ್ನು ಕಪ್ಪು ಆಮೆ ಅನ್ನುತ್ತಾರೆ. ಎಡಗೈಗೆ ಹಸಿರು ಡ್ರ್ಯಾಗನ್, ಬಲಗೈಗೆ ಬಿಳಿ ಹುಲಿ. ಮುಂದೆ ಕೆಂಪು ಹಕ್ಕಿ, ಅಂದರೆ ತೆರೆದ ಜಾಗ, ನೀರು, ದೂರದಲ್ಲಿ ಒಂದು ತಗ್ಗಿನ ಗುಡ್ಡ. ಎಡ ಬಲ ನೋಡುವವರದ್ದಲ್ಲ, ಕೂತವರದ್ದು. ಮುಂದಿನ ಅಂಗಳಕ್ಕೆ ಮಿಂಗ್ ಥಾಂಗ್, ಬೆಳಕಿನ ಪಡಸಾಲೆ, ಎಂಬ ಹೆಸರು. ಮನೆ ಕಟ್ಟುವಾಗಲೂ ಇದೇ, ಊರು ಕಟ್ಟುವಾಗಲೂ ಇದೇ. ಬೀಜಿಂಗ್ ಹತ್ತಿರದ ಮಿಂಗ್ ಚಕ್ರವರ್ತಿಗಳ ಹದಿಮೂರು ಸಮಾಧಿಗಳ ಕಣಿವೆಯೂ ಇದೇ ಕುರ್ಚಿ. ಅಳತೆ ಮಾತ್ರ ಬೇರೆ.

ಕಟ್ಟೆಗೆ ಇನ್ನೊಂದು ಕೆಲಸವೂ ಇದೆ. ಮಳೆ ಬಂದಾಗ ಗುಡ್ಡದಿಂದ ಇಳಿಯುವ ನೀರು ದಿಬ್ಬಕ್ಕೆ ನುಗ್ಗದೆ, ಕಟ್ಟೆಯ ಹಿಂದಿನಿಂದ ಸುತ್ತಿ ಹೋಗುತ್ತದೆ. ಮೂಳೆ ಒದ್ದೆಯಾಗಬಾರದು, ಗೆದ್ದಲು ಹತ್ತಬಾರದು. ಅಂಗಳಕ್ಕೆ ಬಿದ್ದ ನೀರೂ ನೇರ ಓಡಿಹೋಗಬಾರದು. ಸಿಂಗಪುರದ ಮಳೆ ನೋಡಿದವರಿಗೆ ಇದರ ಬೆಲೆ ಗೊತ್ತು. ಗುಡ್ಡದ ಮಣ್ಣಿನ ಬಗ್ಗೆ ಇಷ್ಟು ತಿಳಿದವರು ಅದನ್ನು ಡ್ರ್ಯಾಗನ್, ಹುಲಿ ಎಂದು ಕರೆದರೆ ನಾನು ಜಗಳ ಆಡುವುದಿಲ್ಲ.

ಫೆಂಗ್ ಎಂದರೆ ಗಾಳಿ, ಶುಯಿ ಎಂದರೆ ನೀರು. ಈ ಜೋಡಿ ಪದ ಬಂದದ್ದೂ ಸಮಾಧಿಯಿಂದಲೇ. ಗುವೋ ಪು ಎಂಬ ಪಂಡಿತ 276ರಿಂದ 324ರವರೆಗೆ ಬದುಕಿದ್ದ. ಅವನ ಹೆಸರಿನಲ್ಲಿ ಜಾಂಗ್ ಶು ಎಂಬ ಗ್ರಂಥವಿದೆ. ಅರ್ಥ, ಹೂಳುವುದರ ಪುಸ್ತಕ. ಬರೆದದ್ದು ಅವನಲ್ಲ, ಆಮೇಲಿನವರು ಎನ್ನುವ ವಿದ್ವಾಂಸರು ಹಲವರಿದ್ದಾರೆ. ಯಾರೇ ಬರೆದಿರಲಿ, ಮಾತು ದೊಡ್ಡದು. ಭೂಮಿಯ ಉಸಿರು, ಅವರ ಭಾಷೆಯಲ್ಲಿ ಚಿ, ಗಾಳಿಗೆ ಸಿಕ್ಕರೆ ಚದುರುತ್ತದೆ, ನೀರು ಎದುರಾದರೆ ನಿಲ್ಲುತ್ತದೆ. ಆದ್ದರಿಂದ ಗಾಳಿ ಮರೆ ಇರುವ, ನೀರು ಹತ್ತಿರವಿರುವ ಜಾಗ ಹುಡುಕು. ಮನೆಗೆ ಅಕ್ವೇರಿಯಂ ಎಲ್ಲಿಡಬೇಕು ಎಂದು ಕೇಳುವವರಿಗೆ ಇದು ಗೊತ್ತಿರುವುದಿಲ್ಲ. ಆ ವಿದ್ಯೆಯ ಹಳೆಯ ಪ್ರಶ್ನೆ ಅಪ್ಪ ಅಮ್ಮನನ್ನು ಎಲ್ಲಿ ಮಲಗಿಸಬೇಕು ಎಂಬುದು.

ಯಾಕೆ ಅಷ್ಟು ಕಾಳಜಿ? ಅದನ್ನೂ ಅದೇ ಪುಸ್ತಕ ಹೇಳುತ್ತದೆ. ಮಕ್ಕಳ ದೇಹ ಅಪ್ಪ ಅಮ್ಮನಿಂದ ಬಂದದ್ದು. ಆ ಮೂಲದ ಮೂಳೆಗಳಿಗೆ ಚಿ ತಾಗಿದರೆ, ಅವರು ಬಿಟ್ಟುಹೋದ ದೇಹಕ್ಕೆ ಅಂದರೆ ಮಕ್ಕಳಿಗೆ, ಅದರ ನೆರಳು ಸಿಗುತ್ತದೆ. ಅಲ್ಲಿ ಬಳಸಿರುವ ಪದಕ್ಕೆ ಮರದ ನೆರಳು ಎಂಬ ಅರ್ಥವೇ ಇದೆ. ನಾವೂ 'ಹಿರಿಯರ ನೆರಳಲ್ಲಿ ಬೆಳೆದವರು' ಅನ್ನುತ್ತೇವೆ. ಪಶ್ಚಿಮದಲ್ಲಿ ತಾಮ್ರದ ಬೆಟ್ಟ ಕುಸಿದರೆ ಪೂರ್ವದಲ್ಲಿ ತಾಮ್ರದ ಗಂಟೆ ತಾನಾಗಿ ಮೊಳಗುತ್ತದೆ ಎಂಬ ಹೋಲಿಕೆಯನ್ನೂ ಕೊಡುತ್ತದೆ. ಗಂಟೆ ಆ ಬೆಟ್ಟದ ಮಗು ತಾನೇ.

ತಿಪಟೂರಿನ ಹತ್ತಿರ ನಮ್ಮ ತೋಟದ ಮೂಲೆಯಲ್ಲಿ ನನ್ನ ಅಜ್ಜ ಇದ್ದಾರೆ. ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ಮಲಗಿಸುವುದೂ ಇಲ್ಲ, ಕೂರಿಸುತ್ತಾರೆ. ತೆಂಗಿನ ಸಾಲಿನ ಕಡೆ ಮುಖ ಮಾಡಿ ಕೂತ ಅಜ್ಜ. ಬುಕಿಟ್ ಬ್ರೌನಿನಲ್ಲಿ ಆ ಕುರ್ಚಿಗಳ ನಡುವೆ ನಿಂತಾಗ ನನಗೆ ಭಯ ಆಗಲಿಲ್ಲ. ಕಾರಣ ಬಹುಶಃ ಅದೇ. ಹಾಂಗ್‌ಕಾಂಗ್ ಕಡೆಯ ಕ್ಯಾಂಟನೀಸರಲ್ಲಿ ಹೂತ ಕೆಲವು ವರ್ಷಕ್ಕೆ ಮೂಳೆಗಳನ್ನು ತೆಗೆದು, ಒರೆಸಿ, ಒಂದು ದೊಡ್ಡ ಮಣ್ಣಿನ ಜಾಡಿಯಲ್ಲಿ ಇಡುವ ಪದ್ಧತಿ ಇದೆ. ಕಾಲಿನ ಮೂಳೆ ಕೆಳಗೆ, ತಲೆ ಬುರುಡೆ ಮೇಲೆ. ಮನುಷ್ಯ ಮುದುಡಿ ಕೂತ ಕ್ರಮದಲ್ಲೇ. ಆಂಟಿಯೂ ಕ್ಯಾಂಟನೀಸ್. ಅವರ ಭಾಷೆಯಲ್ಲಿ ಸಮಾಧಿ ನೋಡಲು ಹೋಗುವುದಕ್ಕೆ ಬಾಯ್ ಸಾನ್ ಅನ್ನುತ್ತಾರೆ. ಬೆಟ್ಟಕ್ಕೆ ಕೈಮುಗಿಯುವುದು ಎಂದು ಅರ್ಥ.

ತಾತನ ಸಮಾಧಿ ಚಿಕ್ಕದು. ಹುಲ್ಲು ಕಿತ್ತು, ಕಲ್ಲು ತೊಳೆದೆವು. ಬಣ್ಣದ ಕಾಗದದ ಚೂರುಗಳನ್ನು ದಿಬ್ಬದ ಮೇಲೆಲ್ಲ ಹರಡಿ, ಹಾರದಂತೆ ಸಣ್ಣ ಕಲ್ಲು ಇಟ್ಟೆವು. ಮನೆಗೆ ಹೊಸ ಹೆಂಚು ಹೊದಿಸಿದ ಹಾಗೆ ಅಂತೆ. ಆಮೇಲೆ ಆಂಟಿ ಬೇಯಿಸಿ ತಂದ ಕಪ್ಪೆಚಿಪ್ಪಿನ ಮಾಂಸ ತಿಂದು, ಚಿಪ್ಪುಗಳನ್ನು ದಿಬ್ಬದ ಮೇಲೆ ಎಸೆದರು. ಚಿಪ್ಪು ಹಿಂದಿನ ಕಾಲದ ಹಣ. ತಾತನ ಖರ್ಚಿಗೆ. ನಾನು ಕಿತ್ತಳೆ ಮಾತ್ರ ತಿಂದೆ. ತಾತ ಬೇಜಾರು ಮಾಡಿಕೊಳ್ಳಲ್ಲ ಅಂದರು ಆಂಟಿ.

ಸಮಾಧಿಯ ಕಲ್ಲು ಓದುವುದನ್ನು ಅವರೇ ಕಲಿಸಿದರು. ನಡುವೆ ಸತ್ತವರ ಹೆಸರು. ಮೇಲ್ಗಡೆ ಸಣ್ಣದಾಗಿ ಅವರ ಪೂರ್ವಜರ ಊರು. ಸಿಂಗಪುರದಲ್ಲೇ ಹುಟ್ಟಿ ಸತ್ತವರ ಕಲ್ಲಿನ ಮೇಲೂ ಚೀನಾದ ಯಾವುದೋ ಹಳ್ಳಿಯ ಹೆಸರಿರುತ್ತದೆ. ಪಕ್ಕದಲ್ಲಿ ಮಕ್ಕಳು ಮೊಮ್ಮಕ್ಕಳ ಹೆಸರುಗಳು. ಗಂಡ ಹೆಂಡತಿಗೆ ಒಂದೇ ಕಲ್ಲು ಮಾಡಿಸಿ, ಒಬ್ಬರು ಇನ್ನೂ ಬದುಕಿದ್ದರೆ, ಅವರ ಹೆಸರಿಗೆ ಕೆಂಪು ಬಣ್ಣ ತುಂಬುತ್ತಾರೆ. ಕೆಂಪು ಅಂದರೆ ಜೀವ. ಅವರು ಹೋದ ಮೇಲೆ ಬಣ್ಣ ಬದಲಾಯಿಸುತ್ತಾರೆ.

ಹಿಂದಿರುಗುವಾಗ ಓಂಗ್ ಸಾಮ್ ಲಿಯೋಂಗ್ ಎಂಬ ಸಾಹುಕಾರನ ಸಮಾಧಿ ನೋಡಿದೆವು. ಈ ಗುಡ್ಡದಲ್ಲೇ ದೊಡ್ಡದು, ಸುಮಾರು 600 ಚದರ ಮೀಟರು. ಅಲ್ಲಿ ಕಲ್ಲಿನಲ್ಲಿ ಕೆತ್ತಿರುವುದು ಅಪ್ಪ ಅಮ್ಮನ ಸೇವೆ ಮಾಡಿದ ಇಪ್ಪತ್ತನಾಲ್ಕು ಮಕ್ಕಳ ಕಥೆಗಳು. ಚೀನೀ ಮಕ್ಕಳಿಗೆಲ್ಲ ಹೇಳುವ ಕಥೆಗಳಿವು. ಎಂಟು ವರ್ಷದ ಹುಡುಗ, ಮನೆಯಲ್ಲಿ ಸೊಳ್ಳೆ ಪರದೆ ಕೊಳ್ಳಲು ದುಡ್ಡಿಲ್ಲ. ಸೊಳ್ಳೆಗಳು ಅಪ್ಪ ಅಮ್ಮನ ಬಳಿ ಹೋಗದಿರಲಿ ಎಂದು ತಾನೇ ಬರಿ ಮೈಯಲ್ಲಿ ಮಲಗಿ ಕಚ್ಚಿಸಿಕೊಳ್ಳುತ್ತಾನೆ. ಇನ್ನೊಬ್ಬ, ಕಣ್ಣಿನ ಬೇನೆಯ ತಂದೆ ತಾಯಿಗೆ ಜಿಂಕೆಯ ಹಾಲು ತರಲು ಜಿಂಕೆ ಚರ್ಮ ಹೊದ್ದು ಕಾಡಿಗೆ ಹೋಗುತ್ತಾನೆ. ಬೇಟೆಗಾರ ಬಾಣ ಹೂಡುತ್ತಾನೆ. ಇದನ್ನು ಕೇಳುತ್ತಿದ್ದಂತೆ ನನಗೆ ಮೈ ಜುಮ್ ಅಂದಿತು. ಕುರುಡು ತಂದೆ ತಾಯಿ, ಕಾಡು, ಬಾಣ. ನಮ್ಮ ಶ್ರವಣಕುಮಾರ! ಆಮೇಲೆ ಓದಿ ನೋಡಿದರೆ ನಿಜವೇ. ಆ ಚೀನೀ ಕಥೆಯ ಮೂಲ ಬೌದ್ಧರ ಶ್ಯಾಮ ಜಾತಕ. ಶ್ರವಣನ ಕಥೆಗೆ ಹತ್ತಿರದ ನೆಂಟ. ನಮ್ಮ ಕಡೆಯಿಂದ ಹೊರಟ ಹುಡುಗ ಬೌದ್ಧ ಭಿಕ್ಷುಗಳ ಜೊತೆ ಚೀನಾ ತಲುಪಿ, ಅಲ್ಲಿಂದ ವಲಸೆ ಬಂದವರ ಜೊತೆ ಸಿಂಗಪುರದ ಒಂದು ಸಮಾಧಿಗೆ ಬಂದು ಸೇರಿದ್ದಾನೆ.

ನಮ್ಮ ದೇಶದವರು ಇನ್ನೂ ಇದ್ದಾರೆ ಅಲ್ಲಿ. ಎಷ್ಟೋ ಸಮಾಧಿಗಳ ಎರಡೂ ಬದಿಗೆ ಪೇಟ ಕಟ್ಟಿದ, ಗಡ್ಡ ಬಿಟ್ಟ ಸಿಖ್ ಕಾವಲುಗಾರರ ಕಲ್ಲಿನ ಮೂರ್ತಿಗಳಿವೆ. ಬ್ರಿಟಿಷರ ಕಾಲದಲ್ಲಿ ಇಲ್ಲಿನ ಪೊಲೀಸರಲ್ಲಿ, ಬ್ಯಾಂಕು ಗೋದಾಮು ಕಾಯುವವರಲ್ಲಿ ಸಿಖ್ಖರು ಬಹಳ ಇದ್ದರು. ಬದುಕಿದ್ದಾಗ ಮನೆ ಬಾಗಿಲಿಗೆ ಸಿಖ್ ಕಾವಲು ಇದ್ದ ಮೇಲೆ, ಸತ್ತ ಮೇಲಿನ ಮನೆಗೂ ಅವನೇ ಇರಲಿ. ಮಲಯ ಭಾಷೆಯಲ್ಲಿ ಕಾವಲುಗಾರನಿಗೆ ಜಾಗಾ ಅನ್ನುತ್ತಿದ್ದರು. ನಮ್ಮ ಜಾಗರಣೆಯ ಜಾಗವೇ ಅದು, ಸಂಸ್ಕೃತದಿಂದ ಹೋದ ಪದ. ನೂರು ವರ್ಷದಿಂದ ಮಳೆಯಲ್ಲಿ ನಿಂತು ಜಾಗರಣೆ ಮಾಡುತ್ತಿರುವ ಆ ಸರ್ದಾರ್‌ಜಿಗಳ ಮುಂದೆ ನಾನು ಸ್ವಲ್ಪ ಹೊತ್ತು ಸುಮ್ನೆ ನಿಂತಿದ್ದೆ.

ಇನ್ನು ಮನೆಗಳ ಮಾತು. ಸಮಾಧಿ ನೋಡಿದ ಮೇಲೆ ನನಗೆ ಚೀನೀ ಮನೆಗಳು ಬೇರೆಯಾಗಿ ಕಾಣುತ್ತವೆ. ಅದೇ ವರ್ಷ ಮಲೇಷ್ಯಾದ ಪೆನಾಂಗ್‌ಗೆ ಹೋದಾಗ ಜಾರ್ಜ್ ಟೌನಿನ ನೀಲಿ ಬಂಗಲೆ ನೋಡಿದೆ. ಹಕ್ಕಾ ಎಂಬ ಚೀನೀ ಸಮುದಾಯದ ವ್ಯಾಪಾರಿ ಚಿಯೋಂಗ್ ಫಾಟ್ ಜಿ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಕಟ್ಟಿಸಲು ಶುರು ಮಾಡಿದ ಮನೆ. 38 ಕೋಣೆ, 5 ಅಂಗಳ, 220 ಕಿಟಕಿ. ಗೋಡೆಯ ನೀಲಿ, ಸುಣ್ಣಕ್ಕೆ ಬೆರೆಸಿದ ಇಂಡಿಗೋ ಬಣ್ಣದ್ದು. ಒಳಗಿನ ಅಂಗಳ ಮೇಲಕ್ಕೆ ತೆರೆದಿದೆ. ಅದನ್ನು ಥಿಯೆನ್ ಜಿಂಗ್ ಅನ್ನುತ್ತಾರೆ, ಆಕಾಶದ ಬಾವಿ. ಸುತ್ತಲಿನ ಮಾಡುಗಳು ಒಳಕ್ಕೆ ಇಳಿದಿವೆ. ಮಳೆ ನೀರು ಹೊರಗೆ ಬೀಳದೆ ಮನೆಯೊಳಕ್ಕೇ ಬೀಳುತ್ತದೆ. ಚೀನಾದ ಹುಯಿಜೌ ಕಡೆಯ ವರ್ತಕರು ಇದಕ್ಕೆ 'ನಾಲ್ಕು ಕಡೆಯ ನೀರು ಪಡಸಾಲೆಗೆ ಮರಳಿತು' ಎನ್ನುತ್ತಾರಂತೆ. ನೀರು ಅಂದರೆ ಸಂಪತ್ತು. ಮನೆಯ ಸಂಪತ್ತು ಮನೆಯೊಳಗೇ ಬೀಳಲಿ ಎಂದು.

ನಾನು ಬೆಳೆದದ್ದು ತೊಟ್ಟಿ ಮನೆಯಲ್ಲಿ. ಮಳೆಗಾಲದಲ್ಲಿ ನಾಲ್ಕೂ ಮೂಲೆಯಿಂದ ನೀರು ಧೋ ಎಂದು ತೊಟ್ಟಿಗೆ ಸುರಿಯುತ್ತಿತ್ತು. ಅಜ್ಜಿ ತಾಮ್ರದ ಹಂಡೆ ಇಟ್ಟು ಹಿಡಿಯುತ್ತಿದ್ದರು. ಪೆನಾಂಗಿನ ಆ ಅಂಗಳದಲ್ಲಿ ಮಳೆ ಶುರುವಾದಾಗ ಪ್ರವಾಸಿಗರೆಲ್ಲ ಒಳಗೆ ಸರಿದರು. ನಾನು ಕಂಬಕ್ಕೆ ಒರಗಿ ಅಲ್ಲೇ ಉಳಿದೆ.

ಎರಡು ಊರಿನ ಕಟ್ಟುವ ವಿದ್ಯೆ ಎಲ್ಲ ಕಡೆ ಹೊಂದುತ್ತದೆ ಎಂದಲ್ಲ. ನಮ್ಮಲ್ಲಿ ದಕ್ಷಿಣ ಯಮನ ದಿಕ್ಕು. ದಕ್ಷಿಣದ ಬಾಗಿಲು ಎಂದರೆ ಮನೆ ಕೊಳ್ಳುವವರು ಹಿಂದೆ ಸರಿಯುತ್ತಾರೆ. ಚೀನಾದಲ್ಲಿ ದಕ್ಷಿಣವೇ ಶ್ರೇಷ್ಠ. ಚಕ್ರವರ್ತಿ ದಕ್ಷಿಣಕ್ಕೆ ಮುಖ ಮಾಡಿಯೇ ಕೂರುತ್ತಿದ್ದ. ಅವರ ಹಳೆಯ ನಕ್ಷೆಗಳಲ್ಲೂ ಕೆಲವು ಸಲ ದಕ್ಷಿಣ ಮೇಲಿರುತ್ತಿತ್ತು. ದಿಕ್ಸೂಚಿಗೆ ಅವರ ಹೆಸರೇ 'ದಕ್ಷಿಣ ತೋರಿಸುವ ಸೂಜಿ'. ಕಾರಣ ಸರಳ. ಉತ್ತರ ಚೀನಾದ ಚಳಿಗಾಲದಲ್ಲಿ ಕೊರೆಯುವ ಗಾಳಿ ಬರುವುದು ಉತ್ತರದಿಂದ, ಬಿಸಿಲು ಬರುವುದು ದಕ್ಷಿಣದಿಂದ. ಬೆನ್ನು ಉತ್ತರಕ್ಕೆ, ಮುಖ ದಕ್ಷಿಣಕ್ಕೆ ಇದ್ದರೆ ಮನೆ ಬೆಚ್ಚಗಿರುತ್ತದೆ. ಸಿಂಗಪುರಕ್ಕೆ ಆ ಗಾಳಿಯೂ ಇಲ್ಲ, ಆ ಚಳಿಯೂ ಇಲ್ಲ. ಸೂರ್ಯ ನೆತ್ತಿಯ ಮೇಲೆ. ಬುಕಿಟ್ ಬ್ರೌನಿನ ಸಮಾಧಿಗಳು ಎಲ್ಲ ದಿಕ್ಕಿಗೂ ಮುಖ ಮಾಡಿವೆ, ಗುಡ್ಡ ಎತ್ತ ಇಳಿಯುತ್ತದೋ ಅತ್ತ. ದಿಕ್ಕಿಗಿಂತ ನೆಲದ ಆಕಾರ ದೊಡ್ಡದು ಎಂದು ಅವನ್ನು ಕಟ್ಟಿದವರಿಗೆ ಗೊತ್ತಿತ್ತು.

ಮನೆ, ಸಮಾಧಿ ಎರಡರಲ್ಲೂ ಇರುವ ಇನ್ನೊಂದು ಪ್ರಾಣಿ ಬಾವಲಿ. ನಮ್ಮೂರಲ್ಲಿ ಬಾವಲಿ ಮನೆಗೆ ನುಗ್ಗಿದರೆ ಶಾಂತಿ ಮಾಡಿಸುತ್ತಾರೆ. ಇಲ್ಲಿ ಬಾಗಿಲ ಮೇಲೆ, ಕುರ್ಚಿಯ ಬೆನ್ನಿಗೆ, ತಟ್ಟೆಯ ಅಂಚಿಗೆ, ಸಮಾಧಿಯ ಕಲ್ಲಿಗೆ ಬಾವಲಿ. ಬಾವಲಿಗೆ ಚೀನೀ ಭಾಷೆಯಲ್ಲಿ ಫೂ, ಭಾಗ್ಯಕ್ಕೂ ಫೂ. ಅಕ್ಷರ ಬೇರೆ, ಉಚ್ಚಾರ ಒಂದೇ. ಚೀನೀ ಸಂಕೇತಗಳಲ್ಲಿ ಎಷ್ಟೋ ಹೀಗೆ ಕಿವಿಯಿಂದ ಹುಟ್ಟಿದವು. ಮೀನು ಮತ್ತು ಮಿಗತೆ ಎರಡೂ ಯೂ. ಹೂದಾನಿ ಮತ್ತು ನೆಮ್ಮದಿ ಎರಡೂ ಪಿಂಗ್. ನಾಲ್ಕು ಮತ್ತು ಸಾವು ಹತ್ತಿರದ ಸದ್ದು, ಅದಕ್ಕೇ ನಾಲ್ಕನ್ನು ದೂರವಿಡುತ್ತಾರೆ. ಐದು ಬಾವಲಿ ಕೆತ್ತಿದ್ದರೆ ಐದು ಭಾಗ್ಯ: ದೀರ್ಘ ಆಯಸ್ಸು, ಸಂಪತ್ತು, ಆರೋಗ್ಯ, ಒಳ್ಳೆಯ ಗುಣ, ಮತ್ತು ನರಳದೆ ಬರುವ ಸಾವು. ಈ ಐದನೆಯದನ್ನು ನೋಡಿ. ಹೊಸ ಮದುವೆಯಾದವರ ಮನೆಯ ತಟ್ಟೆಯ ಮೇಲೂ ಒಳ್ಳೆಯ ಸಾವಿನ ಹಾರೈಕೆ ಇದೆ. ಅಜ್ಜಿ ದಿನಾ ಹೇಳುತ್ತಿದ್ದ 'ಅನಾಯಾಸೇನ ಮರಣಂ' ಕಿವಿಗೆ ಬಂತು. ಕೇಳಬೇಕಾದದ್ದನ್ನು ಅವರೂ ಮುಚ್ಚುಮರೆ ಇಲ್ಲದೆ ಕೇಳಿದ್ದಾರೆ.

ರಜೆಗೆ ಬೆಂಗಳೂರಿಗೆ ಬಂದಾಗ ಅಂಗಡಿಗಳಲ್ಲಿ ಫೆಂಗ್ ಶುಯಿ ಹೆಸರಿನ ಕಪಾಟು ನೋಡುತ್ತೇನೆ. ನಗುವ ಬುದ್ಧ, ಬಾಯಲ್ಲಿ ನಾಣ್ಯ ಕಚ್ಚಿದ ಮೂರು ಕಾಲಿನ ಕಪ್ಪೆ, ಗಾಳಿಗಂಟೆ, ಲಕ್ಕಿ ಬಿದಿರು. ಆ ಬಿದಿರು ಬಿದಿರೇ ಅಲ್ಲ. ಆಫ್ರಿಕಾ ಮೂಲದ ಡ್ರಸೀನಾ ಗಿಡ. ಇಟ್ಟುಕೊಂಡವರ ನಂಬಿಕೆಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ನನಗೆ ನೋವಾಗುವುದು ಒಂದಕ್ಕೆ. ಬೆಟ್ಟ, ನೀರು, ಗಾಳಿ, ಸತ್ತ ಹಿರಿಯರು, ಇಷ್ಟೂ ಬಿಟ್ಟು ಬರಿ ಸಾಮಾನು ನಮ್ಮ ಊರಿಗೆ ಬಂದಿದೆ. ಕೊಂಡ ವಸ್ತುವಿನಿಂದ ಹಣ ಬರುತ್ತದೆ ಎಂಬ ಮಾತು ಮಾತ್ರ ಉಳಿದಿದೆ.

ಚೀನಾದಲ್ಲೂ ಇದು ಕೆಟ್ಟು ಹೋಗಿದ್ದುಂಟು. ಸಮಾಧಿಯ ಎಡಗೈಯ ಭಾಗ್ಯ ದೊಡ್ಡ ಮಗನ ಕವಲಿಗೆ, ಬಲಗೈಯದು ಇನ್ನೊಬ್ಬನಿಗೆ ಎಂದು ಅಣ್ಣ ತಮ್ಮಂದಿರು ಜಾಗಕ್ಕೆ ಜಗಳವಾಡಿ, ಶವಪೆಟ್ಟಿಗೆಯನ್ನು ವರ್ಷಗಟ್ಟಲೆ ಹೂಳದೆ ಬಿಟ್ಟ ಉದಾಹರಣೆಗಳಿವೆ. ಹನ್ನೊಂದನೇ ಶತಮಾನದ ದೊಡ್ಡ ಇತಿಹಾಸಕಾರ, ಮಂತ್ರಿ ಸಿಮಾ ಗುವಾಂಗ್ ಇದನ್ನು ಕಂಡು ಸಿಟ್ಟಾಗಿ ಬರೆದಿದ್ದಾನೆ. ಅವನ ಮನೆಯಲ್ಲೇ ಹೀಗಾಯಿತು. ಹಿರಿಯರ ಅಂತ್ಯಕ್ರಿಯೆಗೆ ಬಂಧುಗಳು ಜ್ಯೋತಿಷಿಯನ್ನು ಕರೆಸಲೇಬೇಕು ಎಂದು ಹಟ ಹಿಡಿದರು. ಅವನ ಅಣ್ಣ ಒಬ್ಬ ಹಳ್ಳಿಯ ಪಂಡಿತನನ್ನು ಹುಡುಕಿ, ಇಪ್ಪತ್ತು ಸಾವಿರ ಕಾಸು ಕೊಟ್ಟು, 'ನಾವು ಹೇಳಿದ ಜಾಗ, ನಾವು ಹೇಳಿದ ದಿನ ಒಳ್ಳೆಯದು ಎಂದು ಹೇಳು' ಎಂದು ಒಪ್ಪಿಸಿದ. ಎಲ್ಲರೂ ಸಂತೋಷಪಟ್ಟರು. ಮನೆಯವರು ಚೆನ್ನಾಗಿಯೇ ಬಾಳಿದರು. ಅವನು ಹೇಳಿದ್ದು, ಹೂಳುವುದು ಎಂದರೆ ಸತ್ತವರನ್ನು ಕಣ್ಮರೆ ಮಾಡಿ ನೆಮ್ಮದಿಯಾಗಿ ಇಡುವುದು, ನಮ್ಮ ಲಾಭ ನೋಡುವುದಲ್ಲ ಎಂದು. ನನಗೆ ಅವನ ಮಾತು ಸರಿ ಅನ್ನಿಸುತ್ತದೆ. ಆದರೆ ಬುಕಿಟ್ ಬ್ರೌನಿನ ಕುರ್ಚಿಗಳನ್ನು ನೋಡಿದಾಗ ಲಾಭದ ಯೋಚನೆ ಬರುವುದೇ ಇಲ್ಲ. ಅಲ್ಲಿ ಕಾಣುವುದು ಅಪ್ಪನಿಗೆ ಬೆನ್ನು ನೋಯದಿರಲಿ ಎಂಬ ಕಾಳಜಿ.

2011ರಲ್ಲಿ ಸರ್ಕಾರ ಈ ಗುಡ್ಡದ ನಡುವೆ ರಸ್ತೆ ಮಾಡುವುದಾಗಿ ಹೇಳಿತು. ದೇಶ ಚಿಕ್ಕದು, ವಾಹನ ಹೆಚ್ಚು. ಬ್ರೌನೀಸ್ ಎಂದು ಕರೆದುಕೊಳ್ಳುವ ಸ್ವಯಂಸೇವಕರು ಜನರನ್ನು ಕರೆತಂದು ಸಮಾಧಿಗಳ ಕಥೆ ಹೇಳತೊಡಗಿದರು. ಸಂಶೋಧಕರ ತಂಡ ಒಂದೊಂದೇ ಸಮಾಧಿಯನ್ನು ಅಳೆದು ದಾಖಲಿಸಿತು. ಸ್ಮಾರಕಗಳ ಉಳಿವಿಗೆ ದುಡಿಯುವ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ತನ್ನ 2014ರ ಕಾಳಜಿಯ ಪಟ್ಟಿಗೆ ಇದನ್ನು ಸೇರಿಸಿತು. ಆದರೂ ನಾಲ್ಕು ಸಾವಿರದ ಆಸುಪಾಸು ಸಮಾಧಿಗಳನ್ನು ತೆಗೆದರು. 2018-19ರಲ್ಲಿ ಲೋರ್ನಿ ಹೈವೇ ತೆರೆಯಿತು. ಆಂಟಿಯ ಮನೆಯವರ ತಾತ ಉಳಿದುಕೊಂಡರು. ಅವರ ಅಂಗಳದಲ್ಲಿ ನಿಂತರೆ ಈಗ ಮರಗಳಾಚೆ ವಾಹನಗಳ ಸದ್ದು. ಫೆಂಗ್ ಶುಯಿಯಲ್ಲಿ ರಸ್ತೆಯನ್ನು ನೀರಿನ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. "ತಾತನಿಗೆ ಹೊಳೆ ಬಂತು, ಸ್ವಲ್ಪ ಗಲಾಟೆ ಹೊಳೆ," ಅಂದರು ಆಂಟಿ. ಕಣ್ಣು ಒದ್ದೆಯಾಗಿತ್ತು.

ನಾನು ಇರುವ ಬಿಷಾನ್ ಕೂಡ ಗುಡ್ಡವೇ, ಸ್ಮಶಾನವೇ. ಈ ಹೆಸರೇ ಪೆಕ್ ಸಾನ್ ಎಂಬುದರ ಮ್ಯಾಂಡರಿನ್ ರೂಪ. ಹಸಿರು ಬೆಟ್ಟ ಎಂದರ್ಥ. 1870ರಲ್ಲಿ ಕ್ಯಾಂಟನೀಸ್ ಮತ್ತು ಹಕ್ಕಾ ಜನ ಇಲ್ಲಿ ಪೆಕ್ ಸಾನ್ ಥೆಂಗ್ ಸ್ಮಶಾನ ಶುರು ಮಾಡಿದರು. 1979ರಲ್ಲಿ ಸರ್ಕಾರ ನೆಲವನ್ನು ತೆಗೆದುಕೊಂಡಿತು. ಎಂಬತ್ತರ ದಶಕದಲ್ಲಿ ಸಮಾಧಿಗಳನ್ನು ತೆಗೆದರು, ಫ್ಲಾಟುಗಳು ಬಂದವು. ಆಂಟಿಯ ಅಜ್ಜಿಯ ಸಮಾಧಿ ಇದ್ದದ್ದು ಈ ಗುಡ್ಡದಲ್ಲೇ. "ಅಜ್ಜಿಯ ನೆಲ, ಅದಕ್ಕೇ ಇಲ್ಲಿ ಮನೆ ತಗೊಂಡೆ. ನನಗೇನು ಭಯ?" ಅನ್ನುತ್ತಾರೆ. ಎದುರು ಮನೆಯ ನೆಲದ ದೇವರಿಗೆ ಅವರು ದಿನಾ ಎರಡು ಹೊತ್ತು ಬತ್ತಿ ಹಚ್ಚುವುದು ಯಾಕೆಂದು ಆಗ ಅರ್ಥವಾಯಿತು.

ಈಗ ಸಿಂಗಪುರದಲ್ಲಿ ಹೂಳಲು ಉಳಿದಿರುವುದು ಚೋವಾ ಚು ಕಾಂಗ್ ಸ್ಮಶಾನ ಒಂದೇ. ಅಲ್ಲೂ 1998ರಿಂದ ಒಂದು ಸಮಾಧಿಗೆ ಹದಿನೈದು ವರ್ಷದ ಮಿತಿ. ಚೀನಿಯರಲ್ಲಿ ಹೆಚ್ಚಿನವರು ಸುಡುತ್ತಾರೆ. ಬೂದಿ ಇಡುವ ಗೋಡೆಗೂಡುಗಳ ಕಟ್ಟಡಗಳಿವೆ. ಪೆಕ್ ಸಾನ್ ಥೆಂಗ್‌ನಲ್ಲೂ ಒಂದಿದೆ, ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ. ಅಜ್ಜಿಯೂ ಅಲ್ಲೇ, ಅಂಕಲ್ಲೂ ಅಲ್ಲೇ. ಬುಕಿಟ್ ಬ್ರೌನಿನಿಂದ ಬಂದ ಮರುದಿನ ಅಲ್ಲಿಗೂ ಜೊತೆಯಾದೆ.

ಗೋಡೆ ತುಂಬ ಅಂಗೈಯಗಲದ ಕಲ್ಲುಗಳು, ಕಲ್ಲಿನ ಮೇಲೆ ಫೋಟೋ. ಇಲ್ಲಿ ಬೆಟ್ಟ ಎಲ್ಲಿ, ನೀರು ಎಲ್ಲಿ ಎಂದು ನನಗೆ ಬೇಸರವಾಯಿತು. ಅಂಕಲ್‌ಗೆ ಗೂಡು ಆರಿಸುವಾಗ ಆಂಟಿ ಮೂರು ಸಲ ಬಂದು ನೋಡಿದ್ದರಂತೆ. "ಹಿಂದೆ ಗಟ್ಟಿ ಗೋಡೆ, ಮುಟ್ಟಿ ನೋಡು. ಎಡಕ್ಕೂ ಬಲಕ್ಕೂ ಕಂಬ. ಎದುರಿಗೆ ಕಿಟಕಿ." ತಿರುಗಿ ನೋಡಿದೆ. ಕಿಟಕಿಯಾಚೆ ಒಂದು ಮಳೆಮರ, ಅದರ ಕೆಳಗೆ ನಿನ್ನೆಯ ಮಳೆಯ ನೀರು ನಿಂತಿತ್ತು. ಗೂಡು ಅವರ ಕಣ್ಣಿನ ಮಟ್ಟಕ್ಕೇ ಇತ್ತು. ಮಂಡಿ ಬಗ್ಗಿಸುವಂತಿಲ್ಲ, ಏಣಿ ಹತ್ತುವಂತಿಲ್ಲ.

ಆಂಟಿ ಬಟ್ಟೆ ಒದ್ದೆ ಮಾಡಿ ಅಂಕಲ್ ಫೋಟೋ ಒರೆಸಿದರು. ಅದೇ ಕಲ್ಲಿನ ಪಕ್ಕದ ಅರ್ಧದಲ್ಲಿ ಇನ್ನೊಂದು ಹೆಸರು ಕೆತ್ತಿತ್ತು. ಫೋಟೋ ಇರಲಿಲ್ಲ. ಅಕ್ಷರಗಳಿಗೆ ಕೆಂಪು ಬಣ್ಣ. ಅದನ್ನೂ ಒರೆಸಿದರು. ಒಂದು ಗೆರೆಯಲ್ಲಿ ಬಣ್ಣ ಸ್ವಲ್ಪ ಎದ್ದಿತ್ತು, ಬೆರಳಿನಿಂದ ಮುಟ್ಟಿ ನೋಡಿದರು.

"ಮುಂದಿನ ಸಲ ಕೆಂಪು ಬಣ್ಣ ತರಬೇಕು," ಅಂದರು.

"ನಾನು ಬ್ರಷ್ ತರ್ತೀನಿ ಆಂಟಿ," ಅಂದೆ.